ಒಂದು ಸೈಜ್ ಮೇಲೆ ಹೋಗೋಣ್ವಾ ಸರ್?

ಟೈರ್ ಅಂಗಡಿಯ ಕೌಂಟರಿನಲ್ಲಿ ಈ ಪ್ರಶ್ನೆ ತಪ್ಪದೆ ಬರುತ್ತದೆ. ಕಾರು ನಲವತ್ತೈವತ್ತು ಸಾವಿರ ಕಿಲೋಮೀಟರ್ ಓಡಿ ಕಂಪನಿಯಿಂದ ಬಂದ ಟೈರುಗಳು ಸವೆದಿರುತ್ತವೆ. ಮಳೆಗಾಲ ಹತ್ತಿರವಾಗಿರುತ್ತದೆ. ನಾಲ್ಕು ಟೈರಿಗೆ ಹೇಗೂ ದುಡ್ಡು ಸುರಿಯಲೇಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋದವರ ಮುಂದೆ ಅಂಗಡಿಯವರು ಮೆಲ್ಲಗೆ ಹೇಳುತ್ತಾರೆ: ‘ಅದೇ ಸೈಜ್ ಹಾಕ್ಲಾ, ಇಲ್ಲ ಒಂದು ಸೈಜ್ ಮೇಲೆ ಹೋಗೋಣ್ವಾ ಸರ್? ಗ್ರಿಪ್ ಚೆನ್ನಾಗಿರುತ್ತೆ, ಗಾಡಿ ಲುಕ್ಕೇ ಬೇರೆ.’ ಟೈರೊಂದಕ್ಕೆ ಕೆಲವು ನೂರು ರೂಪಾಯಿಯಷ್ಟೇ ವ್ಯತ್ಯಾಸ. ಇಷ್ಟು ಖರ್ಚು ಮಾಡುವವರು ಇನ್ನಷ್ಟಕ್ಕೆ ಯಾಕೆ ಹಿಂಜರಿಯುತ್ತಾರೆ?

ಅಂಗಡಿಯವರು ಸುಳ್ಳು ಹೇಳುತ್ತಿಲ್ಲ. ಅಗಲ ಟೈರು ಹಾಕಿಸಿಕೊಂಡು ಹೋದ ಗಿರಾಕಿಗಳು ತಿಂಗಳ ನಂತರ ಬಂದು ‘ಬ್ರೇಕು ಹಿಡಿಯೋದೇ ಬೇರೆ ಥರ ಆಗಿದೆ’ ಎಂದು ಹೊಗಳಿರುತ್ತಾರೆ. ಆ ಗಿರಾಕಿಗಳದ್ದೂ ಸುಳ್ಳಲ್ಲ. ಆದರೆ ಅವರು ಅನುಭವಿಸಿದ ಸುಧಾರಣೆಯಲ್ಲಿ ಅಗಲದ ಪಾಲು ಎಷ್ಟು, ಹೊಸ ರಬ್ಬರಿನ ಪಾಲು ಎಷ್ಟು ಎಂದು ಯಾರೂ ಬಿಡಿಸಿ ನೋಡಿರುವುದಿಲ್ಲ. ಬಿಡಿಸಿ ನೋಡಿದರೆ ಅಗಲಕ್ಕೆ ಸಲ್ಲುತ್ತಿರುವ ಕೀರ್ತಿಯಲ್ಲಿ ಬಹುಪಾಲು ರಬ್ಬರಿಗೆ ಸಲ್ಲಬೇಕಾದದ್ದು ಎಂಬುದು ನನ್ನ ವಾದ. ಅಗಲಕ್ಕೆ ತನ್ನದೇ ಆದ ಗುಣವಿದೆ. ಅದು ಮಳೆಗಾಲದ ಮಲೆನಾಡಿನ ರಸ್ತೆಯಲ್ಲಿ ಕೆಲಸಕ್ಕೆ ಬರುವ ಗುಣವಲ್ಲ, ಅಷ್ಟೆ.

ಮೊದಲು ಟೈರಿನ ಸೈಡ್‌ವಾಲ್ ಮೇಲಿನ ಅಂಕಿಗಳನ್ನು ಓದೋಣ. 185/65 R15 88H ಎಂದಿದೆ ಎಂದುಕೊಳ್ಳಿ. 185 ಎಂಬುದು ಟೈರಿನ ಅಗಲ, ಮಿಲಿಮೀಟರಿನಲ್ಲಿ. 15 ಎಂಬುದು ರಿಮ್ಮಿನ ವ್ಯಾಸ, ಇಂಚಿನಲ್ಲಿ. R ಅಂದರೆ ರೇಡಿಯಲ್. 88 ಎಂಬುದು ಭಾರದ ಸೂಚ್ಯಂಕ. ಆ ಟೈರು ಹೊರಬಲ್ಲ ಗರಿಷ್ಠ ತೂಕ 560 ಕಿಲೋ ಎಂದರ್ಥ. H ಎಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ ತಾಳಿಕೆ. ನಡುವಿನ 65 ಮಾತ್ರ ಹಲವರನ್ನು ಏಮಾರಿಸುತ್ತದೆ. ಅದು ಮಿಲಿಮೀಟರೂ ಅಲ್ಲ, ಇಂಚೂ ಅಲ್ಲ, ಶೇಕಡಾವಾರು. ಅಗಲದ ಶೇ 65ರಷ್ಟು, ಅಂದರೆ ಸುಮಾರು 120 ಮಿಲಿಮೀಟರ್, ಸೈಡ್‌ವಾಲಿನ ಎತ್ತರ.

ಅಗಲ ಹೆಚ್ಚಿಸಿ ನಡುವಿನ ಅಂಕಿಯನ್ನು ಹಾಗೇ ಬಿಟ್ಟರೆ ಎತ್ತರವೂ ತಾನಾಗಿ ಏರುತ್ತದೆ. 185/65 R15 ಟೈರಿನ ಒಟ್ಟು ವ್ಯಾಸ 621.5 ಮಿಲಿಮೀಟರ್. ‘ಒಂದು ಸೈಜ್ ಮೇಲೆ’ ಹೋಗಿ 195/65 R15 ಹಾಕಿದರೆ ಅದು 634.5 ಆಗುತ್ತದೆ, ಶೇ 2ರಷ್ಟು ಹೆಚ್ಚು. ಇನ್ನೂ ಉತ್ಸಾಹದಿಂದ 205/65 ಹಾಕಿದರೆ 647.5, ಶೇ 4ಕ್ಕಿಂತ ಹೆಚ್ಚು. ಚಕ್ರ ಒಂದು ಸುತ್ತು ತಿರುಗಿದರೆ ಕಾರು ಮುಂಚಿಗಿಂತ ಹೆಚ್ಚು ದೂರ ಹೋಗುತ್ತದೆ, ಆದರೆ ಸ್ಪೀಡೋಮೀಟರಿಗೆ ಗೊತ್ತಿರುವುದು ಸುತ್ತುಗಳ ಲೆಕ್ಕ ಮಾತ್ರ. ಹಳೆಯ ಟೈರಿನಲ್ಲಿ ಮುಳ್ಳು 100 ತೋರಿಸುತ್ತಿದ್ದ ಸುತ್ತಿನ ವೇಗಕ್ಕೆ ಹೊಸ ಟೈರಿನಲ್ಲಿ ಕಾರು ನಾಲ್ಕು ಕಿಲೋಮೀಟರ್ ಜಾಸ್ತಿ ಓಡುತ್ತಿರುತ್ತದೆ. ಮುಳ್ಳು ಮಾತ್ರ ನೂರರಲ್ಲೇ ನಿಂತಿರುತ್ತದೆ. ಓಡೋಮೀಟರ್ ಕೂಡ ದೂರವನ್ನು ಕಡಿಮೆ ಎಣಿಸುತ್ತದೆ. ‘ಟೈರ್ ಬದಲಾಯಿಸಿದ ಮೇಲೆ ಮೈಲೇಜ್ ಬಿತ್ತು’ ಎಂದು ಕೊರಗುವವರ ಕೊರಗಿನಲ್ಲಿ ಒಂದು ಪಾಲು ಪೆಟ್ರೋಲಿನದು, ಇನ್ನೊಂದು ಪಾಲು ಈ ತಪ್ಪು ಎಣಿಕೆಯದು. ಜೊತೆಗೆ ಎಲ್ಲ ಗೇರುಗಳೂ ಅಷ್ಟರಮಟ್ಟಿಗೆ ಉದ್ದವಾದ ಹಾಗೆ. ಏರು ಹತ್ತುವಾಗ ಮೂರನೇ ಗೇರಿನಲ್ಲಿ ಸಲೀಸಾಗಿ ಹೋಗುತ್ತಿದ್ದ ಸಣ್ಣ ಎಂಜಿನ್ನಿನ ಕಾರು ಎರಡಕ್ಕೆ ಇಳಿಸು ಎನ್ನುತ್ತದೆ.

ಬಲ್ಲವರು ಅದಕ್ಕೇ ಅಗಲ ಏರಿಸಿದಾಗ ನಡುವಿನ ಅಂಕಿಯನ್ನು ಇಳಿಸುತ್ತಾರೆ. 185/65ರ ಬದಲು 195/60 R15 ಹಾಕಿದರೆ ವ್ಯಾಸ 615. ವ್ಯತ್ಯಾಸ ಶೇ 1 ಮಾತ್ರ. ಒಟ್ಟು ವ್ಯಾಸದ ವ್ಯತ್ಯಾಸ ಶೇ 3 ದಾಟಬಾರದು ಎಂಬುದು ಈ ಕಸುಬಿನಲ್ಲಿ ಬಳಕೆಯಲ್ಲಿರುವ ಲೆಕ್ಕ. ನನ್ನನ್ನು ಕೇಳಿದರೆ ಅದೂ ಧಾರಾಳವೇ. ಒಂದರ ಆಸುಪಾಸಿನಲ್ಲಿ ಇದ್ದರೆ ಕ್ಷೇಮ.

ಕಾರು ಕಂಪನಿಗಳು ಇದನ್ನು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತವೆ ಎಂದು ತಿಳಿಯಲು ಒಂದೇ ಕಾರಿನ ಅಗ್ಗದ ಮತ್ತು ದುಬಾರಿ ವೇರಿಯಂಟುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಸ್ವಿಫ್ಟ್ ಕಾರಿನ ಕೆಳಗಿನ ವೇರಿಯಂಟುಗಳಿಗೆ ಬಂದದ್ದು 165/80 R14, ಮೇಲಿನದಕ್ಕೆ 185/65 R15. ಅಗಲದಲ್ಲಿ ಇಪ್ಪತ್ತು ಮಿಲಿಮೀಟರ್ ಅಂತರ, ವ್ಯಾಸದಲ್ಲಿ ಎರಡು ಮಿಲಿಮೀಟರೂ ಇಲ್ಲ. ಬಲೆನೊ ಕೆಳಗಿನದರಲ್ಲಿ 185/65 R15, ಮೇಲಿನದರಲ್ಲಿ 195/55 R16. ವ್ಯಾಸದ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ. ಟಾಟಾ ಪಂಚ್‌ನಲ್ಲಿ 185/70 R15 ಮತ್ತು 195/60 R16. ಒಂದು 640, ಇನ್ನೊಂದು 640.4. ರಿಮ್ಮು ದೊಡ್ಡದಾದಷ್ಟೂ ಸೈಡ್‌ವಾಲನ್ನು ಕುಗ್ಗಿಸಿ, ಚಕ್ರದ ಎತ್ತರ ಇದ್ದಲ್ಲೇ ಇರುವಂತೆ ನೋಡಿಕೊಂಡಿದ್ದಾರೆ. ನಿಮ್ಮದು ಕೆಳಗಿನ ವೇರಿಯಂಟ್ ಆಗಿದ್ದರೆ, ಎಲ್ಲಿಯವರೆಗೆ ಏರಬಹುದು ಎಂಬುದಕ್ಕೆ ಉತ್ತರ ಅದೇ ಕಾರಿನ ಮೇಲಿನ ವೇರಿಯಂಟಿನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಸ್ಟಿಕರಿನಲ್ಲಿದೆ. ಅಷ್ಟು ದೂರ ಎಂಜಿನಿಯರುಗಳು ಮೊದಲೇ ನಡೆದು ನೋಡಿದ್ದಾರೆ. ಸಸ್ಪೆನ್ಷನ್, ಸ್ಟಿಯರಿಂಗ್, ಮಡ್‌ಗಾರ್ಡಿನ ಒಳಗಿನ ಜಾಗ ಎಲ್ಲವನ್ನೂ ಆ ಅಳತೆಗೆ ಪರೀಕ್ಷಿಸಿದ್ದಾರೆ. ಅದರಾಚೆಗಿನ ಪ್ರತಿ ಹತ್ತು ಮಿಲಿಮೀಟರೂ ನಿಮ್ಮ ಸ್ವಂತ ಜವಾಬ್ದಾರಿ.

ಅಂಚೆ ಕಾರ್ಡಿನ ಮೇಲೆ ಕಾರು

ಅಗಲ ಟೈರಿಗೆ ಗ್ರಿಪ್ ಹೆಚ್ಚು ಎಂಬ ಮಾತಿನ ಹಿಂದಿರುವ ನಂಬಿಕೆ ಸರಳ: ಅಗಲ ಹೆಚ್ಚಿದರೆ ರಸ್ತೆಗೆ ತಾಗುವ ರಬ್ಬರ್ ಹೆಚ್ಚು. ಕೇಳಲು ಸರಿಯಾಗಿದೆ. ಲೆಕ್ಕ ಹಾಕಿದರೆ ಸಡಿಲವಾಗುತ್ತದೆ.

1200 ಕಿಲೋ ತೂಗುವ ಕಾರಿನ ಒಂದೊಂದು ಚಕ್ರದ ಮೇಲೆ ಸುಮಾರು 300 ಕಿಲೋ ಭಾರ ಬೀಳುತ್ತದೆ. ಟೈರಿನಲ್ಲಿ 32 ಪಿಎಸ್‌ಐ ಗಾಳಿ ಇದ್ದರೆ ಅದು ಒಂದು ಚದರ ಸೆಂಟಿಮೀಟರಿಗೆ ಎರಡೂಕಾಲು ಕಿಲೋ ಹೊರುತ್ತದೆ. ಕಾರನ್ನು ಎತ್ತಿ ಹಿಡಿಯುವುದು ಬಹುಮಟ್ಟಿಗೆ ಆ ಗಾಳಿಯೇ ಆದ್ದರಿಂದ 300 ಕಿಲೋ ಹೊರಲು ನೆಲಕ್ಕೆ ತಾಗಬೇಕಾದ ಜಾಗ ಸುಮಾರು 133 ಚದರ ಸೆಂಟಿಮೀಟರ್. ನಮ್ಮ ಹಳೆಯ ಅಂಚೆ ಕಾರ್ಡು ಹದಿನಾಲ್ಕು ಸೆಂಟಿಮೀಟರ್ ಉದ್ದ, ಒಂಬತ್ತು ಸೆಂಟಿಮೀಟರ್ ಅಗಲ. ಹತ್ತಿರ ಹತ್ತಿರ ಅಷ್ಟೇ. ಇಡೀ ಸಂಸಾರವನ್ನು ಕೂರಿಸಿಕೊಂಡು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುವ ಕಾರು ರಸ್ತೆಯನ್ನು ಹಿಡಿದಿರುವುದು ನಾಲ್ಕು ಅಂಚೆ ಕಾರ್ಡುಗಳಷ್ಟು ಜಾಗದಲ್ಲಿ.

ಈಗ ಅಗಲ ಟೈರು ಹಾಕಿ. ಕಾರಿನ ತೂಕ ಬದಲಾಗಲಿಲ್ಲ, ಗಾಳಿಯ ಒತ್ತಡವೂ ಅದೇ. ಹಾಗಾಗಿ ತಾಗುವ ಜಾಗವೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸೈಡ್‌ವಾಲಿನ ಬಿಗುವಿನಿಂದ ಕೊಂಚ ಹೆಚ್ಚುಕಮ್ಮಿ ಆಗಬಹುದು. ಹತ್ತಿಪ್ಪತ್ತು ಮಿಲಿಮೀಟರ್ ಅಗಲಕ್ಕೆ ದೊಡ್ಡ ಲಾಭವೇನೂ ಇಲ್ಲ. ಬದಲಾಗುವುದು ಆ ಜಾಗದ ಆಕಾರ. ಮುಂಚೆ ಅಡ್ಡಕ್ಕೆ ಹದಿನಾಲ್ಕು, ಉದ್ದಕ್ಕೆ ಒಂಬತ್ತೂವರೆ ಇದ್ದದ್ದು ಈಗ ಅಡ್ಡಕ್ಕೆ ಹದಿನಾರು, ಉದ್ದಕ್ಕೆ ಎಂಟು ಚಿಲ್ಲರೆ ಆಗುತ್ತದೆ.

ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರು ಇಲ್ಲಿ ಇನ್ನೊಂದು ತಕರಾರು ಎತ್ತಬಹುದು. ಘರ್ಷಣೆ ತಾಗುವ ಜಾಗದ ವಿಸ್ತಾರವನ್ನು ಅವಲಂಬಿಸುವುದಿಲ್ಲ ಎಂದು 1699ರಲ್ಲೇ ಫ್ರಾನ್ಸಿನ ಅಮೊಂಟನ್ಸ್ ಹೇಳಿದ್ದಾನಲ್ಲ, ಹಾಗಿದ್ದಮೇಲೆ ಜಾಗದ ಮಾತೇಕೆ ಎಂದು. ಮರಕ್ಕೆ, ಕಬ್ಬಿಣಕ್ಕೆ ಆ ನಿಯಮ ಒಪ್ಪುತ್ತದೆ. ರಬ್ಬರು ಅದಕ್ಕೆ ತಲೆಬಾಗುವ ವಸ್ತುವಲ್ಲ. ಅದು ರಸ್ತೆಯ ಜಲ್ಲಿಕಲ್ಲುಗಳ ಸಂದಿಗೆ ಇಳಿದು ಹಿಡಿಯುತ್ತದೆ, ಅಂಟುತ್ತದೆ, ಎಳೆದಾಗ ಹಿಗ್ಗಿ ಬಿಸಿಯಾಗುತ್ತದೆ. ಚದರ ಸೆಂಟಿಮೀಟರಿಗೆ ಬೀಳುವ ಭಾರ ಹೆಚ್ಚಿದಷ್ಟೂ ಒಂದೊಂದು ಕಿಲೋ ಭಾರಕ್ಕೆ ಸಿಗುವ ಹಿಡಿತ ಇಳಿಯುತ್ತಾ ಹೋಗುತ್ತದೆ. ತಿರುವಿನಲ್ಲಿ ಕಾರಿನ ಭಾರ ಹೊರಗಿನ ಎರಡು ಚಕ್ರಗಳಿಗೆ ವಾಲುತ್ತದೆ. ಆಗ ಅಗಲ ಟೈರು ಆ ಭಾರವನ್ನೂ ಬಿಸಿಯನ್ನೂ ಚೆನ್ನಾಗಿ ಹಂಚಿಕೊಳ್ಳುತ್ತದೆ. ಅಡ್ಡಕ್ಕೆ ಅಗಲ, ಉದ್ದಕ್ಕೆ ಗಿಡ್ಡ ಇರುವ ಆಕಾರ ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಸ್ಪಂದಿಸುತ್ತದೆ. ಒಣಗಿದ ಟಾರು ರಸ್ತೆಯಲ್ಲಿ, ವೇಗದ ತಿರುವಿನಲ್ಲಿ ಅಗಲ ಟೈರು ಮೇಲು ಎಂಬುದು ಹೀಗಾಗಿಯೇ. ರೇಸಿನವರು ಅಗಲ ಟೈರು ಹಾಕುವುದು ಶೋಕಿಗಲ್ಲ.

ಆದರೆ ನಾವು ರೇಸಿನ ಮಿತಿಯ ಹತ್ತಿರವೂ ಹೋಗುವುದಿಲ್ಲ. ಹೆಬ್ಬಾಳ ಫ್ಲೈಓವರಿನ ಮೇಲೆ ತೆವಳುವ ಕಾರಿಗೆ 165ರ ಟೈರು ಕೊಡುವ ಹಿಡಿತವೂ ಮಿಕ್ಕಿ ಉಳಿಯುತ್ತದೆ.

ಮೂರು ಮಿಲಿಮೀಟರ್ ನೀರು

ನಮ್ಮಲ್ಲಿ ಹಿಡಿತ ನಿಜವಾಗಿ ಪರೀಕ್ಷೆಗೆ ಒಳಗಾಗುವುದು ಮಳೆಯಲ್ಲಿ. ಅಗಲ ಟೈರಿನ ವಾದ ಸೊರಗುವುದೂ ಅಲ್ಲೇ.

ರಸ್ತೆಯ ಮೇಲೆ ಮೂರು ಮಿಲಿಮೀಟರ್ ನೀರು ನಿಂತಿದೆ, ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿದೆ ಎಂದುಕೊಳ್ಳಿ. ಸೆಕೆಂಡಿಗೆ 22 ಮೀಟರ್. ಹದಿನಾಲ್ಕು ಸೆಂಟಿಮೀಟರ್ ಅಡ್ಡ ತಾಗುವ ಟೈರು ಪ್ರತಿ ಸೆಕೆಂಡಿಗೆ ಒಂಬತ್ತು ಲೀಟರಿನಷ್ಟು ನೀರನ್ನು ತನ್ನ ದಾರಿಯಿಂದ ಸರಿಸಬೇಕು. ಅಡ್ಡ ಹದಿನಾರಾದರೆ ಹತ್ತೂವರೆ ಲೀಟರ್. ಕೆಲಸ ಹೆಚ್ಚಾಯಿತು, ಸಮಯ ಮಾತ್ರ ಕಡಿಮೆಯಾಯಿತು. ತಾಗುವ ಜಾಗ ಗಿಡ್ಡವಾದ್ದರಿಂದ ಟ್ರೆಡ್ಡಿನ ಒಂದೊಂದು ತುಣುಕೂ ನೆಲದ ಮೇಲೆ ಇರುವ ಹೊತ್ತು ಒಂದು ಸೆಕೆಂಡಿನ ಸಾವಿರ ಭಾಗಗಳಲ್ಲಿ ನಾಲ್ಕಕ್ಕೂ ಕೆಳಗೆ ಇಳಿಯುತ್ತದೆ. ನಡುವಿನ ನೀರು ಅಂಚಿಗೆ ತಲುಪಲು ಸಾಗಬೇಕಾದ ದೂರವೂ ಹೆಚ್ಚು. ಅಷ್ಟರೊಳಗೆ ನೀರು ಜಾಗ ಬಿಡದಿದ್ದರೆ ಟೈರು ಅದರ ಮೇಲೆ ಏರಿ ತೇಲುತ್ತದೆ. ಸ್ಟಿಯರಿಂಗ್ ಇದ್ದಕ್ಕಿದ್ದಂತೆ ಹಗುರಾಗುತ್ತದೆ, ಬ್ರೇಕಿಗೆ ಅರ್ಥವಿರುವುದಿಲ್ಲ.

ಇದರ ಮೇಲೆ ಮೊದಲು ಗಂಭೀರವಾಗಿ ಕೆಲಸ ಮಾಡಿದವರು ವಿಮಾನದವರು. ನಾಸಾದ ಲ್ಯಾಂಗ್ಲಿ ಕೇಂದ್ರದ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಸೂತ್ರದಲ್ಲಿ ತೇಲುವ ವೇಗ ನಿಂತಿರುವುದು ಟೈರಿನ ಗಾಳಿಯ ಒತ್ತಡದ ವರ್ಗಮೂಲದ ಮೇಲೆ. ಆ ಸೂತ್ರಕ್ಕೆ 32 ಪಿಎಸ್‌ಐ ಹಾಕಿದರೆ ಬರುವ ಉತ್ತರ ಗಂಟೆಗೆ 94 ಕಿಲೋಮೀಟರ್. ಗಾಳಿ ನೋಡಿಸದೆ 24ಕ್ಕೆ ಇಳಿಸಿಕೊಂಡಿದ್ದರೆ 82. ಇವು ಟ್ರೆಡ್ಡಿನ ಗೀರುಗಳಿಗೆ ನಿಭಾಯಿಸಲಾಗದಷ್ಟು ನೀರು ನಿಂತಾಗಿನ ಅಂಕಿಗಳು. ಗೀರು ಆಳವಾಗಿದ್ದು ನೀರು ತೆಳುವಾಗಿದ್ದರೆ ಟೈರು ಇನ್ನೂ ಮೇಲಿನ ವೇಗ ತಡೆದೀತು. ಹಾರ್ನ್ ಮುಂದೆ 1980ರ ದಶಕದಲ್ಲಿ, ಖಾಲಿ ಲಾರಿಗಳು ಮಳೆಯಲ್ಲಿ ಸುಲಭವಾಗಿ ತೇಲುವುದೇಕೆ ಎಂದು ಹುಡುಕುತ್ತಾ ಹೋದಾಗ ಸೂತ್ರಕ್ಕೆ ಇನ್ನೊಂದು ಅಂಶ ಸೇರಿತು: ನೆಲಕ್ಕೆ ತಾಗುವ ಜಾಗದ ಅಗಲಕ್ಕೂ ಉದ್ದಕ್ಕೂ ಇರುವ ಅನುಪಾತ. ಅಗಲ ಹೆಚ್ಚಿ ಉದ್ದ ಕುಗ್ಗಿದಷ್ಟೂ ತೇಲುವ ವೇಗ ಇಳಿಯುತ್ತದೆ. ನಮ್ಮ ಅಂಗಡಿಯ ಕೌಂಟರಿನ ಪ್ರಶ್ನೆಗೆ ನೇರ ಸಂಬಂಧವಿರುವ ಮಾತು ಇದು.

94 ಎಂಬ ಅಂಕಿಯನ್ನು ಬೆಂಗಳೂರು–ಮೈಸೂರು ಹೆದ್ದಾರಿಯ ನೂರರ ವೇಗಮಿತಿಯ ಪಕ್ಕ ಇಟ್ಟು ನೋಡಿ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆಯಲ್ಲಿ ಒಂದು ವಾರ ಕಳೆಯುವುದರೊಳಗೆ ರಾಮನಗರದ ಬಳಿ ನೀರು ನಿಂತು ಕಾರುಗಳು ಸಿಕ್ಕಿಕೊಂಡಿದ್ದವು. ಅದು ಕಣ್ಣಿಗೆ ಕಾಣುವ ನೀರು, ಜನ ನಿಲ್ಲಿಸಿದರು. ಕಾಣದ ಮೂರು ಮಿಲಿಮೀಟರಿಗೆ ಯಾರೂ ನಿಲ್ಲಿಸುವುದಿಲ್ಲ. ಶಿರಾಡಿ, ಚಾರ್ಮಾಡಿಗಳಲ್ಲಿ ವೇಗ ಕಡಿಮೆ, ಅಲ್ಲಿ ತೇಲುವುದಕ್ಕಿಂತ ಕೊಳೆತ ಎಲೆ, ಗುಡ್ಡದಿಂದ ಇಳಿದ ಕೆಮ್ಮಣ್ಣಿನ ಕೆಸರು ಹೆಚ್ಚು ಅಪಾಯಕಾರಿ. ಅಲ್ಲೂ ಕಿರಿದಾದ ಟೈರು ಕೆಸರನ್ನು ಕತ್ತರಿಸಿ ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಟಾರು ರಸ್ತೆಗೆ ಅಗಲ ಟೈರು ಹಾಕುವ ಅದೇ ತಂಡಗಳು ಸ್ವೀಡನ್ನಿನ ಹಿಮಕ್ಕೆ ಹೋದಾಗ ತೀರಾ ಕಿರಿದಾದ ಮೊಳೆ ಟೈರು ಹಾಕುತ್ತವೆ. ಗೆಲ್ಲಲು ಹೊರಟವರಿಗೆ ಅಗಲದ ಬಗ್ಗೆ ಮೋಹವಿಲ್ಲ, ರಸ್ತೆ ಕೇಳಿದ್ದನ್ನು ಕೊಡುತ್ತಾರೆ.

ಹಾಗಾದರೆ ತಿಂಗಳ ನಂತರ ಬಂದು ಹೊಗಳಿದ ಆ ಗಿರಾಕಿ ಅನುಭವಿಸಿದ್ದೇನು? ಅವರು ಹೋಲಿಸಿದ್ದು 185ರ ಹೊಸ ಟೈರನ್ನು 195ರ ಹೊಸ ಟೈರಿಗಲ್ಲ. ಐದು ವರ್ಷ ಬಿಸಿಲಲ್ಲಿ ಒಣಗಿ ಗಟ್ಟಿಯಾದ, ಎರಡು ಮಿಲಿಮೀಟರ್ ಗೀರು ಉಳಿದ ಟೈರನ್ನು ಏಳೆಂಟು ಮಿಲಿಮೀಟರ್ ಗೀರಿನ ಮೆತ್ತನೆಯ ಹೊಸ ಟೈರಿಗೆ. ಅಷ್ಟೇ ಅಲ್ಲ, ಕಾರಿನೊಡನೆ ಬರುವ ಟೈರನ್ನು ಕಂಪನಿಗಳು ಆರಿಸುವಾಗ ಮೈಲೇಜಿನ ಅಂಕಿ, ಬೆಲೆ, ಬಾಳಿಕೆಗಳಿಗೆ ಹೆಚ್ಚಿನ ತೂಕ ಕೊಡುವುದುಂಟು. ಅಂಗಡಿಯಲ್ಲಿ ಅದೇ ಅಳತೆಯಲ್ಲಿ ಒದ್ದೆ ರಸ್ತೆಗೆ ಚೆನ್ನಾಗಿ ಹಿಡಿಯುವ ರಬ್ಬರಿನ ಟೈರು ಸಿಗುತ್ತದೆ. ಹಳೆಯ ಅಳತೆಯಲ್ಲೇ ಒಳ್ಳೆಯ ಟೈರು ಹಾಕಿಸಿದ್ದರೂ ಆ ಗಿರಾಕಿ ತಿಂಗಳ ನಂತರ ಬಂದು ಹೊಗಳುತ್ತಲೇ ಇದ್ದರು. ಅಗಲಕ್ಕೆ ಕೊಡಲು ಹೊರಟ ಹೆಚ್ಚಿನ ದುಡ್ಡನ್ನು ರಬ್ಬರಿನ ದರ್ಜೆಗೆ ಕೊಡಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಉರುಳುವಾಗಿನ ಪ್ರತಿರೋಧ, ಒದ್ದೆ ನೆಲದ ಹಿಡಿತ, ಸದ್ದು ಈ ಮೂರಕ್ಕೂ ನಮ್ಮಲ್ಲಿ ಎಐಎಸ್-142 ಎಂಬ ಮಾನದಂಡ ಜಾರಿಗೆ ಬಂದಿದೆ. ಕೊಳ್ಳುವಾಗ ಬ್ರ್ಯಾಂಡಿನ ಹೆಸರಿಗಿಂತ ಒದ್ದೆ ಹಿಡಿತದ ದರ್ಜೆ ಏನು ಎಂದು ಕೇಳುವುದು ಲಾಭದಾಯಕ. ಸೈಡ್‌ವಾಲಿನ ಮೇಲಿನ ನಾಲ್ಕಂಕಿಯ ತಯಾರಿಕೆಯ ಗುರುತನ್ನೂ ನೋಡಿ: 2324 ಎಂದಿದ್ದರೆ 2024ರ 23ನೇ ವಾರ. ಗೋದಾಮಿನಲ್ಲಿ ಮೂರು ವರ್ಷ ಮಲಗಿದ್ದ ಅಗಲ ಟೈರು ಯಾರಿಗೂ ಬೇಡ.

ಇಂಧನದ ಮಾತು ಬೇಗ ಮುಗಿಸಬಹುದು. ಟೈರಿನ ಉರುಳು ಪ್ರತಿರೋಧ ಶೇ 10ರಷ್ಟು ಬದಲಾದರೆ ಇಂಧನ ಖರ್ಚು ಶೇ 1ರಿಂದ 2ರಷ್ಟು ಬದಲಾಗುತ್ತದೆ ಎಂಬುದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2006ರಲ್ಲಿ ಕೊಟ್ಟ ಅಂದಾಜು. ಒಂದು ಸೈಜ್ ಏರಿಸಿದ್ದಕ್ಕೆ ಯಾರೂ ದಿವಾಳಿಯಾಗುವುದಿಲ್ಲ. ಗಾಳಿಯ ತಡೆ ಹೆಚ್ಚುತ್ತದೆ, ಚಕ್ರ ಭಾರವಾಗುತ್ತದೆ, ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ನಿಂತು ಹೊರಡುವ ಊರಿನ ಓಡಾಟದಲ್ಲಿ ಆ ಭಾರ ಎಂಜಿನ್ನಿಗೆ ಗೊತ್ತಾಗುತ್ತದೆ. ಮಿತವ್ಯಯವೇ ಗುರಿಯಾದಾಗ ಎಂಜಿನಿಯರುಗಳು ಹೋಗುವ ದಿಕ್ಕು ಯಾವುದು ಎಂಬುದಕ್ಕೆ 2013ರಲ್ಲಿ ಬಂದ ಬಿಎಂಡಬ್ಲ್ಯು ಐ3 ವಿದ್ಯುತ್ ಕಾರು ಸಾಕ್ಷಿ. ಅದರ ಟೈರು 155/70 R19, ಎತ್ತರ ಹೆಚ್ಚು, ಅಗಲ ಕಡಿಮೆ. ಫಾರ್ಮುಲಾ ಒನ್ನಿನವರೂ 2017ರಲ್ಲಿ ಮುಂದಿನ ಟೈರನ್ನು 245ರಿಂದ 305ಕ್ಕೆ, ಹಿಂದಿನದನ್ನು 325ರಿಂದ 405ಕ್ಕೆ ಹಿಗ್ಗಿಸಿದ್ದರು. 2026ರ ನಿಯಮಗಳಲ್ಲಿ ಮುಂದೆ 25, ಹಿಂದೆ 30 ಮಿಲಿಮೀಟರ್ ಕಿರಿದು ಮಾಡಿದರು. ಗಾಳಿಯ ತಡೆ, ತೂಕ ಎರಡೂ ಅಲ್ಲಿಯೂ ಕಾಡಿದ್ದವು.

ನಮ್ಮ ಕಾರುಗಳ ಟೈರು ಕಾಲಕ್ರಮದಲ್ಲಿ ಹಿಗ್ಗಿದ್ದು ನಿಜ. ಅಂಬಾಸಿಡರಿಗೆ 5.90-15 ಅಳತೆಯ ಟೈರಿತ್ತು, ಪದ್ಮಿನಿಗೆ 5.20-14, ಮಿಲಿಮೀಟರಿಗೆ ಇಳಿಸಿದರೆ 150, 132. ಮಾರುತಿ 800 ಓಡಿದ್ದು 145ರ ಮೇಲೆ. ಈಗ ಕ್ರೆಟಾಕ್ಕೆ 205, 215. ಕಾರಿನ ತೂಕ, ವೇಗ, ಬ್ರೇಕು ಎಲ್ಲವೂ ಜೊತೆಗೇ ಬೆಳೆದವು. ಟೈರು ಮಾತ್ರ ಬೆಳೆದು ಕಾರು ಅಲ್ಲೇ ಉಳಿದಾಗ ತೊಂದರೆ.

ಗುಂಡಿ, ರಿಮ್ಮು, ಕಾನೂನು

ಸೈಡ್‌ವಾಲ್ ಎಂಬುದು ಬರೀ ಅಂಕಿಗಳನ್ನು ಅಚ್ಚೊತ್ತುವ ಜಾಗವಲ್ಲ. ಗುಂಡಿಗೆ ಚಕ್ರ ಬಿದ್ದಾಗ ಮೊದಲು ಬಗ್ಗುವುದು ಅದು, ಶಾಕ್ ಅಬ್ಸಾರ್ಬರಿನ ಸರದಿ ಆಮೇಲೆ. 165/80 R14ರಲ್ಲಿ 132 ಮಿಲಿಮೀಟರ್ ಇರುವ ಈ ಗೋಡೆ 195/55 R16ರಲ್ಲಿ 107ಕ್ಕೆ ಇಳಿಯುತ್ತದೆ. ಯಾರೋ ಹುಮ್ಮಸ್ಸಿನವರು 205/45 R17 ಹಾಕಿಸಿದರೆ 92. ಬಣ್ಣ ಬಳಿಯದ ಹಂಪಿಗೆ, ಮಳೆ ನೀರು ತುಂಬಿ ಆಳ ಕಾಣದ ಗುಂಡಿಗೆ ಬಿದ್ದಾಗ ಟೈರು ರಿಮ್ಮಿನ ಅಂಚಿಗೂ ಡಾಂಬರಿನ ಅಂಚಿಗೂ ನಡುವೆ ಸಿಕ್ಕಿ ಒಳಗಿನ ನೂಲು ಕಡಿಯುತ್ತದೆ. ಮರುದಿನ ಸೈಡ್‌ವಾಲಿನ ಮೇಲೆ ಉಬ್ಬು ಕಾಣಿಸುತ್ತದೆ. ಪಂಕ್ಚರ್ ಅಂಗಡಿಯವರು ಅದಕ್ಕೆ ಏನೂ ಮಾಡಲಾರರು, ಟೈರನ್ನೇ ಬದಲಾಯಿಸಬೇಕು. ಅಲಾಯ್ ರಿಮ್ಮು ಬಗ್ಗುವುದು ಬೇರೆ ಖರ್ಚು. ಅಗಲ ಟೈರಿನಿಂದ ಪ್ರಯಾಣ ‘ಸ್ಮೂತ್’ ಆಗುತ್ತದೆ ಎಂಬ ಮಾತು ಸೈಡ್‌ವಾಲ್ ಎತ್ತರ ಉಳಿದಾಗ ಮಾತ್ರ ನಿಜ. ಬೆಂಗಳೂರಿನ ವೈಟ್‌ಟಾಪಿಂಗ್ ಕಾಂಕ್ರೀಟಿನ ಮೇಲೆ ಸದ್ದೂ ಹೆಚ್ಚುತ್ತದೆ. ರಸ್ತೆಯ ಉದ್ದುದ್ದ ಗೀರುಗಳಿದ್ದಲ್ಲಿ ಅಗಲ ಟೈರು ಅವುಗಳ ಜಾಡು ಹಿಡಿದು ಸ್ಟಿಯರಿಂಗನ್ನು ಅತ್ತಿತ್ತ ಎಳೆಯುತ್ತದೆ.

ರಿಮ್ಮಿನ ಅಗಲವನ್ನು ಅಂಗಡಿಯಲ್ಲಿ ಯಾರೂ ಪ್ರಸ್ತಾಪಿಸುವುದಿಲ್ಲ. ಪ್ರತಿ ಟೈರಿಗೂ ಇಷ್ಟರಿಂದ ಇಷ್ಟು ಅಗಲದ ರಿಮ್ಮು ಎಂಬ ಮಿತಿಯಿದೆ. 185/65 R15ಕ್ಕೆ 5ರಿಂದ 6.5 ಇಂಚು, 195/65 R15ಕ್ಕೆ 5.5ರಿಂದ 7 ಇಂಚು. 5 ಇಂಚಿನ ಕಬ್ಬಿಣದ ರಿಮ್ಮಿಗೆ 195 ಹಾಕಿದರೆ ಸೈಡ್‌ವಾಲ್ ಒಳಕ್ಕೆ ಚಿವುಟಿಕೊಂಡು ಟ್ರೆಡ್ಡು ನಡುವೆ ಉಬ್ಬುತ್ತದೆ, ನಡುಭಾಗ ಬೇಗ ಸವೆಯುತ್ತದೆ, ತಿರುವಿನಲ್ಲಿ ಟೈರು ಅಡ್ಡಡ್ಡ ಹೊಯ್ದಾಡುತ್ತದೆ. ಅಗಲಕ್ಕೆಂದು ದುಡ್ಡು ಕೊಟ್ಟು ಇದ್ದ ಹಿಡಿತವನ್ನೂ ಕಳೆದುಕೊಳ್ಳುವ ದಾರಿ ಇದು. ಹೊಸ ಅಲಾಯ್ ಕೊಳ್ಳುವುದಾದರೆ ಅದರ ಆಫ್‌ಸೆಟ್, ನಡುವಿನ ತೂತಿನ ಅಳತೆ ಕಂಪನಿಯದಕ್ಕೆ ಹೊಂದಬೇಕು. ಚಕ್ರ ಹೊರಕ್ಕೆ ಚಾಚಿದಷ್ಟೂ ಬೇರಿಂಗಿಗೆ ಪೆಟ್ಟು, ಸ್ಟಿಯರಿಂಗ್ ಭಾರ, ಮಡ್‌ಗಾರ್ಡಿನಾಚೆ ಸಿಡಿಯುವ ಕೆಸರು.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲತಃ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದು, ಅಲ್ಲಿನ ಹೈಕೋರ್ಟಿನ ಸಡಿಲ ಅರ್ಥವಿವರಣೆಯನ್ನು ತಳ್ಳಿಹಾಕಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಮೇಲಿನ ವೇರಿಯಂಟಿನ ಅಳತೆಗೆ ಏರಿಸಿದವರನ್ನು ಯಾರೂ ರಸ್ತೆಯಲ್ಲಿ ತಡೆದು ಟೇಪು ಹಿಡಿಯಲಾರರು. ಮಡ್‌ಗಾರ್ಡಿನಾಚೆ ನಾಲ್ಕು ಬೆರಳು ಚಾಚಿದ ಟೈರಿನ ಜೀಪು ಆರ್‌ಟಿಒ ಕಣ್ಣಿಗೆ ಬೀಳದೆ ಇರುವುದೂ ಇಲ್ಲ. ಅದಕ್ಕಿಂತ ಹತ್ತಿರದ ಚಿಂತೆ ವಿಮೆಯದು. ತಿಳಿಸದೆ ಮಾಡಿದ ಬದಲಾವಣೆ, ಅಪಘಾತದ ನಂತರ ಸರ್ವೇಯರ್ ಬಂದಾಗ ತಗಾದೆಯ ವಸ್ತುವಾಗುತ್ತದೆ. ಅಲಾಯ್ ಹಾಕಿಸಿದರೆ ಪಾಲಿಸಿಯಲ್ಲಿ ಬರೆಸಿಬಿಡುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿಯೂ ಅಗಲ ಟೈರು ಬೇಡವೇ ಬೇಡ ಎಂದು ನಾನು ಹೇಳಲಾರೆ. ಕೆಳಗಿನ ವೇರಿಯಂಟಿನ ಸ್ವಿಫ್ಟ್ ಇಟ್ಟುಕೊಂಡು ವಾರಕ್ಕೆರಡು ಸಲ ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿ ಓಡಿಸುವವರು, ಮೇಲಿನ ವೇರಿಯಂಟಿನ 15 ಇಂಚಿನ ರಿಮ್ಮಿನ ಸಮೇತ 185/65 ಹಾಕಿಸಿಕೊಂಡರೆ ಕಾರು ನೇರ ಓಟದಲ್ಲಿ, ಲೇನು ಬದಲಾಯಿಸುವಾಗ ಇನ್ನಷ್ಟು ಸ್ಥಿರವಾಗುತ್ತದೆ. ಆ ವ್ಯತ್ಯಾಸ ಕಾಲ್ಪನಿಕವಲ್ಲ. ಗಾಡಿ ನೋಡಲು ಚೆನ್ನಾಗಿರಲಿ ಎಂಬ ಆಸೆಯನ್ನೂ ನಾನು ಹಗುರಾಗಿ ಕಾಣುವುದಿಲ್ಲ. ಕಂತು ಕಟ್ಟುವವರಿಗೆ ಆ ಹಕ್ಕಿದೆ. ಆ ಆಸೆಗೆ ‘ಸೇಫ್ಟಿ’ ಎಂಬ ಹೆಸರಿಟ್ಟು ಮನೆಯವರನ್ನು ಒಪ್ಪಿಸುವುದಷ್ಟೇ ಬೇಡ. ಸಕಲೇಶಪುರದಾಚೆ ಮನೆಯಿದ್ದು, ವರ್ಷದ ನಾಲ್ಕು ತಿಂಗಳು ಮಳೆಯಲ್ಲೇ ಓಡಿಸುವವರಿಗೆ ನನ್ನ ಮಾತು ಬೇರೆ: ಇದ್ದ ಅಳತೆಯೇ ಇರಲಿ, ಒದ್ದೆಗೆ ಹಿಡಿಯುವ ಟೈರು ಕೊಳ್ಳಿ, ಗೀರು ಮೂರು ಮಿಲಿಮೀಟರಿಗೆ ಇಳಿದಾಗಲೇ ಬದಲಾಯಿಸಿ. ಕಾನೂನು 1.6 ಮಿಲಿಮೀಟರಿನವರೆಗೆ ಬಿಡುತ್ತದೆ, ಆಗುಂಬೆಯ ಮಳೆ ಬಿಡುವುದಿಲ್ಲ.

ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಅಂಗಡಿಯಲ್ಲೋ ಕೊನೆಗೂ ಅಳತೆ ಏರಿಸಿಯೇ ಬಿಟ್ಟಿರಾದರೆ ದುಡ್ಡು ಕೊಡುವ ಮುನ್ನ ಸ್ಟಿಯರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಹಿಂದೆ ಮೂವರನ್ನು ಕೂರಿಸಿ ಒಂದು ಹಂಪು ಹತ್ತಿಸಿ. ಖಾಲಿ ಕಾರಿನಲ್ಲಿ ಉಜ್ಜದ ಟೈರು ತುಂಬಿದ ಕಾರಿನಲ್ಲಿ ಉಜ್ಜುವುದುಂಟು. ಭಾರದ ಸೂಚ್ಯಂಕ ಸ್ಟಿಕರಿನಲ್ಲಿ ಹೇಳಿದ್ದಕ್ಕಿಂತ ಕಡಿಮೆ ಇರಕೂಡದು. ಹೊಸ ಅಲಾಯಿಯ ನಟ್ಟುಗಳು ಡಿಕ್ಕಿಯಲ್ಲಿರುವ ಕಬ್ಬಿಣದ ಸ್ಟೆಪ್ನಿಗೆ ಕೂರುತ್ತವೆಯೋ ಇಲ್ಲವೋ ಎಂದು ಅಲ್ಲೇ ಪರೀಕ್ಷಿಸಿ, ರಾತ್ರಿ ಹೊತ್ತು ಹೆದ್ದಾರಿಯ ಬದಿಯಲ್ಲಲ್ಲ. ವ್ಯಾಸ ಹೆಚ್ಚುಕಡಿಮೆ ಒಂದೇ ಇದ್ದರೆ ಆ ಸ್ಟೆಪ್ನಿ ಪಂಕ್ಚರ್ ಅಂಗಡಿಯವರೆಗೆ ಸಾಗಿಸುತ್ತದೆ, ಗಂಟೆಗೆ 80ರ ಒಳಗೆ. 205/65 ಹಾಕಿಸಿ ಸ್ಟೆಪ್ನಿಯನ್ನು 185/65ರಲ್ಲೇ ಬಿಟ್ಟಿದ್ದರೆ ಎಡಬಲದ ಚಕ್ರಗಳ ವ್ಯಾಸಕ್ಕೆ 26 ಮಿಲಿಮೀಟರ್ ಅಂತರ. ಎಂಜಿನ್ ಮುಂದಿನ ಚಕ್ರಗಳನ್ನು ತಿರುಗಿಸುವ ಕಾರಿನಲ್ಲಿ ಅದನ್ನು ಮುಂದೆ ಹಾಕಿದರೆ ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ಪುರುಸೊತ್ತಿಲ್ಲದೆ ತಿರುಗುತ್ತಿರುತ್ತದೆ. ಅಂಥ ಕಾರಿಗೆ ಸ್ಟೆಪ್ನಿಯನ್ನು ಹಿಂದಿನ ಚಕ್ರಕ್ಕೆ ಹಾಕಿ, ಹಿಂದಿನ ಒಳ್ಳೆಯದನ್ನು ಮುಂದಕ್ಕೆ ತರಬೇಕು. ಇದಕ್ಕೆ ಜ್ಯಾಕನ್ನು ಎರಡು ಸಲ ಏರಿಸಬೇಕಾಗುತ್ತದೆ.